ಬೂದು-ಬಿಳಿಯ ಅಮೂರ್ತ ತೈಲಚಿತ್ರಕ್ಕೆ ಮೈವಳಿಕೆ ತರುವ ಬಗೆ: ಚರ್ಚೆ

ಬೂದುಬಿಳಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದು ಅಮೂರ್ತ ತೈಲಚಿತ್ರಕ್ಕೆ ಸಿದ್ಧತೆ ನಡೆಸಿದ್ದೇನೆ. ಅದರಲ್ಲಿ ಗುರುತಿಸಬಹುದಾದ ಆಕಾರ ಯಾವುದೂ ಇರುವುದಿಲ್ಲ. ಬಿಳಿ, ಬೂದು, ಒಂದಿಷ್ಟು ಮಣ್ಣಿನ ಛಾಯೆ, ಇವುಗಳ ನಡುವಿನ ಕಿರಿದಾದ ಅಂತರದಲ್ಲಿಯೇ ಇಡೀ ಚಿತ್ರ ನಿಲ್ಲಬೇಕು ಎಂಬುದು ನನ್ನ ಅಪೇಕ್ಷೆ. ಬಣ್ಣ ಇಷ್ಟು ಕಡಿಮೆಯಾದಾಗ ನೋಡುವವರ ಕಣ್ಣನ್ನು ಹಿಡಿದಿಡುವ ಹೊಣೆಯೆಲ್ಲ ಮೇಲ್ಮೈಯ ಮೇಲೆಯೇ ಬೀಳುತ್ತದೆ ಎಂಬುದು ನನಗೆ ತಿಳಿದಿದೆ. ಆದರೆ ಆ ಮೇಲ್ಮೈಯನ್ನು ಕಟ್ಟುವ ಕ್ರಮದ ಬಗ್ಗೆ ಸಂದೇಹಗಳಿವೆ.

ನಮ್ಮ ಕಡೆ ಕೆಲವರು ಗೋಡೆಯ ಪುಟ್ಟಿಯನ್ನು ಮರದ ಅಂಟಿನೊಡನೆ ಕಲಸಿ, ಕ್ಯಾನ್ವಾಸಿನ ಮೇಲೆ ಉಬ್ಬುತಗ್ಗುಗಳನ್ನು ಮೊದಲೇ ಮಾಡಿಕೊಂಡು, ಅದು ಒಣಗಿದ ಮೇಲೆ ತೈಲವರ್ಣ ಬಳಿಯುತ್ತಾರೆ. ಈ ದಾರಿ ಸರಿಯೇ? ಬಿಳಿ ಬಣ್ಣಗಳಲ್ಲಿ ಯಾವುದನ್ನು ಆರಿಸಬೇಕು? ಚಿತ್ರವು ಸುಣ್ಣ ಬಳಿದ ಗೋಡೆಯಂತೆ ನಿರ್ಜೀವವಾಗದೆ ಉಳಿಯಲು ಏನು ಮಾಡಬೇಕು? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಚಾಕುಕುಂಚ (ಮೈಸೂರು)

ನಿಮ್ಮ ಮೂರನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಉತ್ತರ ಅದರಲ್ಲಿಯೇ ಇದೆ. ಒಂದೇ ವರ್ಣದ ಸುತ್ತ ಸುಳಿಯುವ ಚಿತ್ರ ನಿರ್ಜೀವವಾಗುವುದು ಬಣ್ಣ ಕಡಿಮೆಯಾದ ಕಾರಣದಿಂದಲ್ಲ. ಮೈವಳಿಕೆಯನ್ನು, ಅಂದರೆ ಮೇಲ್ಮೈಯ ಉಬ್ಬುತಗ್ಗು ಒರಟುತನಗಳನ್ನು, ಮೊದಲೇ ಮಾಡಿಟ್ಟು, ಬಣ್ಣವನ್ನು ಅದರ ಮೇಲಿನ ಹೊದಿಕೆಯಾಗಿ ಮಾತ್ರ ಬಳಸುವುದರಿಂದ ಹಾಗಾಗುತ್ತದೆ. ಉಬ್ಬು ಒಂದು ಕಡೆ, ಬಣ್ಣ ಇನ್ನೊಂದು ಕಡೆ ಎಂದು ಎರಡೂ ಬೇರೆಯಾಗಿ ಉಳಿದರೆ ಕಣ್ಣು ಅದನ್ನು ಕೂಡಲೇ ಗುರುತಿಸುತ್ತದೆ. ತೈಲವರ್ಣದ ಮೈವಳಿಕೆ ಬಣ್ಣ ಹಚ್ಚುವ, ಒತ್ತುವ, ಎತ್ತುವ, ಕೆರೆಯುವ ಕ್ರಿಯೆಯಲ್ಲಿಯೇ ಹುಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ನಮ್ಮ ದೇಶದಲ್ಲಿಯೇ ಇರುವ ಬಹುದೊಡ್ಡ ಉದಾಹರಣೆ ವಿ. ಎಸ್. ಗಾಯ್ತೊಂಡೆ. 1924ರಲ್ಲಿ ನಾಗಪುರದಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 2001ರಲ್ಲಿ ತೀರಿಕೊಂಡ ಅವರು ತಮ್ಮ ಚಿತ್ರಗಳನ್ನು ಅಮೂರ್ತ ಎಂದು ಕರೆಯುವುದನ್ನೂ ಒಪ್ಪುತ್ತಿರಲಿಲ್ಲ. ವಸ್ತುರಹಿತ ಚಿತ್ರ ಎಂಬ ಮಾತೇ ಅವರಿಗೆ ಸಮ್ಮತವಾಗಿತ್ತು. ಅವರು ಕುಂಚಕ್ಕಿಂತ ಹೆಚ್ಚಾಗಿ ರೋಲರ್ ಮತ್ತು ಪ್ಯಾಲೆಟ್ ನೈಫನ್ನು (ಬಣ್ಣ ಹಚ್ಚುವ ಚಪ್ಪಟೆ ಚಾಕು) ನೆಚ್ಚಿಕೊಂಡರು. ಹರಿದ ಕಾಗದದ ತುಂಡುಗಳನ್ನು ಹಸಿ ಬಣ್ಣಕ್ಕೆ ತಾಗಿಸಿ ಎತ್ತುವುದು ಅವರ ಕ್ರಮದಲ್ಲಿ ಸೇರಿತ್ತು. ಬಣ್ಣವನ್ನು ಸೇರಿಸುವಷ್ಟೇ ಶ್ರದ್ಧೆಯಿಂದ ತೆಗೆಯುತ್ತಲೂ ಇದ್ದುದರಿಂದ, ಒಂದೇ ವರ್ಣದ ಕ್ಯಾನ್ವಾಸಿನಲ್ಲಿ ಕೆಳಗಿನ ಪದರ ಎಲ್ಲಿ ಮುಗಿದು ಮೇಲಿನದು ಎಲ್ಲಿ ಆರಂಭವಾಯಿತು ಎಂಬುದನ್ನು ಹೇಳಲಾಗದಂತಹ ಆಳ ಅಲ್ಲಿ ಕಾಣುತ್ತದೆ.

ಈಗ ಕ್ರಮಕ್ಕೆ ಬರುತ್ತೇನೆ. ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಹೀಗೆ. ಮೊದಲು ಗೆಸ್ಸೋ (ಬಿಳಿಯ ತಳಲೇಪ) ಬಳಿದ ಮೇಲ್ಮೈಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಮಣ್ಣುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಉಜ್ಜಿ, ಹಳೆಯ ಹತ್ತಿಬಟ್ಟೆಯಿಂದ ಒರೆಸಿಬಿಡಬೇಕು. ಬರಿಯ ಬಿಳಿಯ ಮೇಲೆ ಬಿಳಿ ಹಚ್ಚಿದರೆ ಏನೂ ಕಾಣುವುದಿಲ್ಲ. ಕಂದು ತಳ ಇದ್ದರೆ ಚಾಕುವಿನ ಪ್ರತಿಯೊಂದು ಎಳೆತದಲ್ಲಿಯೂ ಎಷ್ಟು ಮುಚ್ಚಿತು, ಎಷ್ಟು ಉಳಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಎರಡನೆಯ ಪದರವನ್ನು ಎಣ್ಣೆ ಸೇರಿಸದೆ, ಟ್ಯೂಬಿನಿಂದ ಬಂದ ಬೂದು ಬಣ್ಣವನ್ನು ಚಾಕುವಿನ ಚಪ್ಪಟೆ ಮೈಯಿಂದ ತೆಳುವಾಗಿ ಎಳೆಯಬೇಕು. ಹಸಿಯಿರುವಾಗಲೇ ಪತ್ರಿಕೆಯ ಹಾಳೆಯನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ, ನಿಧಾನವಾಗಿ ಎತ್ತಬೇಕು. ಕಾಗದವು ಎಣ್ಣೆಯನ್ನೂ ಹೆಚ್ಚುವರಿ ಬಣ್ಣವನ್ನೂ ಹೀರಿಕೊಂಡು, ಒರಟಾದ ಸೂಕ್ಷ್ಮ ಕಣಗಳ ಮೇಲ್ಮೈಯನ್ನು ಉಳಿಸುತ್ತದೆ. ಕುಂಚದಿಂದ ಈ ಗುಣ ಎಂದಿಗೂ ಬಾರದು.

ಕೆರೆಯುವ ಹೊತ್ತನ್ನು ಗಮನಿಸುವುದು ಬಹಳ ಮುಖ್ಯ. ಪೂರ್ತಿ ಹಸಿಯಿರುವಾಗ ಕೆರೆದರೆ ಅಂಚು ಮೃದುವಾಗಿ ಕರಗುತ್ತದೆ. ಮೇಲ್ಭಾಗ ಅಂಟಂಟಾಗಿ ಬಿಗಿಯಾದ ಮೇಲೆ ಕೆರೆದರೆ ಅಂಚು ಹರಿದಂತೆ, ತುಸು ಮೇಲೆದ್ದು ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲಾದರೆ ಉಬ್ಬುಗಳ ತುದಿ ಮಾತ್ರ ಸವೆದು ಕೆಳಗಿನ ಬಣ್ಣ ಚುಕ್ಕಿಗಳಾಗಿ ಹೊರಬರುತ್ತದೆ. ಈ ಮೂರನ್ನೂ ಒಂದೇ ಚಿತ್ರದಲ್ಲಿ ಬಳಸಿದಾಗ, ಒಂದೇ ಬೂದು ಬಣ್ಣವು ಮೂರು ಬಗೆಯಲ್ಲಿ ನಡೆದುಕೊಳ್ಳುತ್ತದೆ. ದಪ್ಪ ಬಣ್ಣವನ್ನು ಕೊನೆಗೆ, ಅದೂ ಕೆಲವೇ ಕಡೆ, ಎರಡು ಮೂರು ಮಿಲಿಮೀಟರ್ ಮೀರದಂತೆ ಇಡಿ. ಎಲ್ಲೆಡೆ ದಪ್ಪವಿದ್ದರೆ ದಪ್ಪ ಎಂಬುದು ಕಾಣಿಸುವುದೇ ಇಲ್ಲ.

ಚಿತ್ರಸಂರಕ್ಷಕಿ (ಬೆಂಗಳೂರು)

ಚಾಕುಕುಂಚ ಸರ್ ಹೇಳಿದ್ದು ದೃಷ್ಟಿಯ ದಿಕ್ಕಿನಿಂದ. ಬಾಳಿಕೆಯ ದಿಕ್ಕಿನಿಂದ ನಾನು ಕೆಲವು ಮಾತು ಸೇರಿಸುತ್ತೇನೆ. ಹಳೆಯ ಮತ್ತು ಇತ್ತೀಚಿನ ತೈಲಚಿತ್ರಗಳ ದುರಸ್ತಿಯೇ ನನ್ನ ವೃತ್ತಿ.

ಗೋಡೆಯ ಪುಟ್ಟಿಯನ್ನು ದಯವಿಟ್ಟು ಬಳಸಬೇಡಿ. ಬಿಳಿ ಸಿಮೆಂಟಿನಿಂದ ಮಾಡಿದ ಪುಟ್ಟಿ ಕ್ಷಾರೀಯವಾದುದು. ಕ್ಷಾರವು ತೈಲವರ್ಣದಲ್ಲಿರುವ ಅಗಸೆ ಎಣ್ಣೆಯೊಡನೆ ಸೇರಿದರೆ ಎಣ್ಣೆ ಸಾಬೂನಾಗಿ ಮಾರ್ಪಡುತ್ತದೆ, ಬಣ್ಣದ ಹಿಡಿತ ಸಡಿಲವಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಆ ದೋಷವಿಲ್ಲದಿದ್ದರೂ ಅದು ಪೆಡಸು. ಬಾಗುವ ಬಟ್ಟೆಯ ಮೇಲೆ ಬಾಗದ ಪದರವೊಂದು ಕುಳಿತರೆ, ಕ್ಯಾನ್ವಾಸನ್ನು ಒಮ್ಮೆ ಸಾಗಿಸುವಷ್ಟರಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ.

ಬಿಳಿಯ ಆಯ್ಕೆಯ ಬಗ್ಗೆ: ಟ್ಯೂಬಿನ ಹಿಂದೆ ಸಣ್ಣ ಅಕ್ಷರಗಳಲ್ಲಿ ವರ್ಣದ್ರವ್ಯದ ಸಂಕೇತವಿರುತ್ತದೆ. ಪಿ.ಡಬ್ಲ್ಯು. 1 ಎಂದರೆ ಸೀಸದ ಬಿಳಿ, ಪಿ.ಡಬ್ಲ್ಯು. 4 ಎಂದರೆ ಸತುವಿನ ಬಿಳಿ, ಪಿ.ಡಬ್ಲ್ಯು. 6 ಎಂದರೆ ಟೈಟೇನಿಯಂ ಬಿಳಿ. ಸೀಸದ ಬಿಳಿಯ ಪದರ ಗಟ್ಟಿಯೂ ಹೌದು, ಬಾಗುವಂಥದ್ದೂ ಹೌದು. ರೆಂಬ್ರಾಂಟನ ದಪ್ಪ ಬಣ್ಣದ ಉಬ್ಬುಗಳು ಮೂರೂವರೆ ಶತಮಾನ ಕಳೆದರೂ ನಿಂತಿರುವುದರಲ್ಲಿ ಅದರ ಪಾಲು ದೊಡ್ಡದು. ಆದರೆ ಅದು ವಿಷ. ಮನೆಯಲ್ಲಿ ಮಕ್ಕಳಿರುವವರು, ಒಣ ಬಣ್ಣವನ್ನು ಉಜ್ಜುವವರು ಅದರ ಹತ್ತಿರ ಹೋಗಬಾರದು. ಸತುವಿನ ಬಿಳಿ ತಂಪಾದ, ಪಾರದರ್ಶಕವಾದ ಸುಂದರ ಬಣ್ಣವಾದರೂ ವರ್ಷಗಳು ಕಳೆದಂತೆ ಗಾಜಿನಂತಾಗಿ ಪದರಪದರವಾಗಿ ಏಳುವ ಸ್ವಭಾವದ್ದು. ಟೈಟೇನಿಯಂ ಎಂದು ಹೆಸರಿದ್ದರೂ ಒಳಗೆ ಸತುವನ್ನು ಸೇರಿಸಿರುವ ಟ್ಯೂಬುಗಳು ಸಾಮಾನ್ಯ. ಆದ್ದರಿಂದ ಹೆಸರನ್ನಲ್ಲ, ಸಂಕೇತವನ್ನು ಓದಿ, ಪಿ.ಡಬ್ಲ್ಯು. 6 ಒಂದೇ ಇರುವುದನ್ನು ಕೊಳ್ಳಿ.

ತೈಲವರ್ಣ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ದಪ್ಪವಾಗಿ ಹಚ್ಚಿದಾಗ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲ್ಭಾಗ ಮೊದಲು ಬಿಗಿಯುತ್ತದೆ, ಒಳಗೆ ತಿಂಗಳುಗಟ್ಟಲೆ ಹಸಿಯೇ ಉಳಿಯುತ್ತದೆ. ಎಣ್ಣೆ ಹೆಚ್ಚಿದ್ದರೆ ಆ ಕೆನೆ ಸುಕ್ಕುಗಟ್ಟುತ್ತದೆ. ಆದ್ದರಿಂದಲೇ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ತುಸು ಹೆಚ್ಚು ಎಂಬ ಹಳೆಯ ನಿಯಮ. ಅದರ ಜೊತೆಗೆ ಒಣಗುವ ವೇಗವನ್ನೂ ಗಮನಿಸಿ. ಅಂಬರ್ ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಅವು ಬೇಗ ಒಣಗುತ್ತವೆ. ಐವರಿ ಕಪ್ಪು ಬಹಳ ನಿಧಾನ, ಟೈಟೇನಿಯಂ ಬಿಳಿಯೂ ನಿಧಾನವೇ. ಅಂಬರ್ ತಳ, ಬಿಳಿ ಮೇಲೆ ಎಂಬ ಕ್ರಮ ಈ ಕಾರಣದಿಂದ ಸುರಕ್ಷಿತ. ಐವರಿ ಕಪ್ಪಿನ ದಪ್ಪ ತಳದ ಮೇಲೆ ಅಂಬರ್ ಹಚ್ಚುವುದು ಬಿರುಕನ್ನು ಕರೆದಂತೆ.

ಗಾಣದೂರು (ಗದಗ)

ಒಂದು ಸಂದೇಹ. ಅಗಸೆ ಎಣ್ಣೆ ಹಳದಿಯಾಗುತ್ತದೆ, ಕುಸುಬೆ ಎಣ್ಣೆ ಅಷ್ಟು ಹಳದಿಯಾಗುವುದಿಲ್ಲ ಎಂದು ಓದಿದ್ದೇನೆ. ನಮ್ಮಲ್ಲಿ ಗಾಣದ ಕುಸುಬೆ ಎಣ್ಣೆ ಸುಲಭವಾಗಿ ಸಿಗುತ್ತದೆ. ಬಿಳಿ ಚಿತ್ರಕ್ಕೆ ಅದನ್ನೇ ಬಳಸಬಹುದೇ? ಹಾಗೆಯೇ ರಂಗೋಲಿ ಪುಡಿಯನ್ನು ಬಣ್ಣಕ್ಕೆ ಸೇರಿಸಿ ಒರಟುತನ ತರಬಹುದೇ?

ಚಿತ್ರಸಂರಕ್ಷಕಿ (ಬೆಂಗಳೂರು)

ಓದಿದ್ದು ನಿಜ. ಹಲವು ತಯಾರಕರು ಬಿಳಿ ಬಣ್ಣವನ್ನು ಕುಸುಬೆ ಎಣ್ಣೆಯಲ್ಲಿಯೇ ಅರೆಯುತ್ತಾರೆ. ಅದರ ಪದರ ಅಗಸೆಯದ್ದರಷ್ಟು ಬಲವಾಗಿರುವುದಿಲ್ಲ, ಒಣಗಲು ಹೆಚ್ಚು ಕಾಲವೂ ಬೇಕು. ಆದ್ದರಿಂದ ಅದು ಕೊನೆಯ ಪದರಗಳಿಗೆ ತಕ್ಕುದು, ತಳಕ್ಕಲ್ಲ. ಗಾಣದಿಂದ ಬಂದ ಎಣ್ಣೆಯಲ್ಲಿ ಲೋಳೆಯಂಶ ಉಳಿದಿರುತ್ತದೆ, ಕಲಾವಿದರ ಎಣ್ಣೆಯಲ್ಲಿ ಅದನ್ನು ತೆಗೆದಿರುತ್ತಾರೆ. ಅಡುಗೆಗೆಂದೇ ಬೆಳೆಸಿದ, ಓಲಿಕ್ ಆಮ್ಲ ಹೆಚ್ಚಿರುವ ಕುಸುಬೆಯ ತಳಿಗಳೂ ಇವೆ. ಅವುಗಳ ಎಣ್ಣೆ ಒಣಗುವುದೇ ಇಲ್ಲ, ಜಿಗುಟಾಗಿಯೇ ಉಳಿಯುತ್ತದೆ. ಗಾಣದ ಎಣ್ಣೆ ಊಟಕ್ಕಿರಲಿ, ಚಿತ್ರಕ್ಕೆ ಸಂಸ್ಕರಿಸಿದ ಸಣ್ಣ ಶೀಶೆಯೊಂದನ್ನು ಕೊಳ್ಳಿ.

ರಂಗೋಲಿ ಪುಡಿ ಯಾವ ಕಲ್ಲಿನದು ಎಂಬುದು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಬಿಳಿ ಹರಳುಕಲ್ಲಿನ ಪುಡಿಯಾಗಿದ್ದರೆ ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅಮೃತಶಿಲೆಯ ನುಣ್ಣನೆಯ ಪುಡಿ ನಂಬಬಹುದಾದ ವಸ್ತು. ಕಲಸುವಾಗ ಮುಖಗವಸು ಮಾತ್ರ ತಪ್ಪಬಾರದು. ನೆನಪಿಡಬೇಕಾದ ಒಂದು ಸಂಗತಿಯಿದೆ. ಒಣಗಿರುವಾಗ ಬೆಳ್ಳಗಿರುವ ಅಮೃತಶಿಲೆಯ ಪುಡಿ ಎಣ್ಣೆಯಲ್ಲಿ ಬಿದ್ದೊಡನೆ ಪಾರದರ್ಶಕವಾಗುತ್ತದೆ, ಏಕೆಂದರೆ ಅದು ಬೆಳಕನ್ನು ಬಾಗಿಸುವ ಪ್ರಮಾಣ ಎಣ್ಣೆಯದ್ದಕ್ಕೆ ಬಹಳ ಹತ್ತಿರ. ಟೈಟೇನಿಯಂ ಬಿಳಿಯ ವಕ್ರೀಭವನ ಸೂಚ್ಯಂಕ 2.5ಕ್ಕೂ ಹೆಚ್ಚು, ಎಣ್ಣೆಯದು 1.48ರ ಆಸುಪಾಸು, ಆ ದೊಡ್ಡ ಅಂತರದಿಂದಲೇ ಅದು ಕೆಳಗಿನದನ್ನೆಲ್ಲ ಮುಚ್ಚುತ್ತದೆ.

ಚಾಕುಕುಂಚ (ಮೈಸೂರು)

ಮೇಡಂ ಹೇಳಿದ ಈ ಕೊನೆಯ ಸಂಗತಿಯೇ ನಮ್ಮ ಕೆಲಸಕ್ಕೆ ವರ. ಟೈಟೇನಿಯಂ ಬಿಳಿ ಬರಿದಾಗಿ ಹಚ್ಚಿದರೆ ಬಾಗಿಲು ಮುಚ್ಚಿಬಿಡುತ್ತದೆ, ಕೆಳಗಿನ ಪದರಗಳ ಶ್ರಮವೆಲ್ಲ ಮರೆಯಾಗುತ್ತದೆ. ಅದಕ್ಕೆ ಅಮೃತಶಿಲೆಯ ಪುಡಿ ಸೇರಿಸಿದರೆ ಬಣ್ಣ ಗಟ್ಟಿಯಾಗಿ ಚಾಕುವಿಗೆ ನಿಲ್ಲುತ್ತದೆ, ಅದೇ ಹೊತ್ತಿಗೆ ತುಸು ಬೆಳಕನ್ನೂ ಒಳಗೆ ಬಿಡುತ್ತದೆ. ಬಣ್ಣದ ಅಳತೆಯ ಅರ್ಧವನ್ನು ಮೀರದಂತೆ ನಾನು ಬಳಸುತ್ತೇನೆ.

ತಳಪದರ (ಹುಬ್ಬಳ್ಳಿ)

ಚಾಕುಕುಂಚ ಅವರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ತಳದಲ್ಲಿ ಮೈವಳಿಕೆ ಮಾಡಿಕೊಳ್ಳುವುದೇ ತಪ್ಪು ಎಂಬಂತೆ ಹೇಳುವುದು ಸರಿಯಲ್ಲ. ಪುಟ್ಟಿಯನ್ನು ಬಿಡೋಣ, ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟು (ಉಬ್ಬುತಗ್ಗು ಮಾಡಲು ಬಳಸುವ ದಪ್ಪ ಲೇಪ) ಬಾಗುವ ಗುಣವುಳ್ಳದ್ದು, ಹಲಗೆಯ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಒಂದೆರಡು ದಿನಗಳಲ್ಲಿ ಒಣಗುತ್ತದೆ. ಅದರ ಮೇಲೆ ತೆಳುವಾದ ತೈಲವರ್ಣವನ್ನು ಹಚ್ಚಿ ಒರೆಸಿದರೆ, ತಗ್ಗುಗಳಲ್ಲಿ ಬಣ್ಣ ನಿಂತು ಉಬ್ಬುಗಳು ತಿಳಿಯಾಗುತ್ತವೆ. ತೈಲವನ್ನು ಎಲ್ಲಿಯೂ ದಪ್ಪಗೊಳಿಸದೆಯೇ ಆಳವಾದ ಮೇಲ್ಮೈ ದೊರೆಯುವುದಾದರೆ, ಒಣಗುವಿಕೆ, ಸುಕ್ಕು, ಬಿರುಕು ಈ ಎಲ್ಲ ತೊಂದರೆಗಳೂ ಒಮ್ಮೆಲೇ ದೂರವಾಗುತ್ತವೆ. ನೂರಾರು ಪೇಟೆಯ ಚಿತ್ರಗಳು ಈ ಕ್ರಮವನ್ನು ಅಗ್ಗವಾಗಿ ಬಳಸಿಕೊಂಡಿವೆ ಎಂಬ ಕಾರಣಕ್ಕೆ ಕ್ರಮವನ್ನೇ ತಿರಸ್ಕರಿಸುವುದು ನ್ಯಾಯವಲ್ಲ.

ಚಾಕುಕುಂಚ (ಮೈಸೂರು)

ತಾವು ಹೇಳಿದ ತಾಂತ್ರಿಕ ಅಂಶಗಳನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಹಲಗೆಯ ಮೇಲೆ ಅಕ್ರಿಲಿಕ್ ಪೇಸ್ಟು, ಅದರ ಮೇಲೆ ತೈಲ, ಇದು ಸುಭದ್ರವಾದ ಕಟ್ಟಡ. ಅಕ್ರಿಲಿಕ್‌ನ ಮೇಲೆ ತೈಲ ಹಚ್ಚಬಹುದು, ತೈಲದ ಮೇಲೆ ಅಕ್ರಿಲಿಕ್ ಹಚ್ಚಬಾರದು ಎಂಬುದನ್ನು ಹೊಸಬರಿಗಾಗಿ ಇಲ್ಲಿ ಹೇಳಿಬಿಡುತ್ತೇನೆ.

ಆದರೆ ನೋಟದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ತಗ್ಗಿನಲ್ಲಿ ಗಾಢ, ಉಬ್ಬಿನಲ್ಲಿ ತಿಳಿ ಎಂಬ ಒಂದೇ ಸೂತ್ರ ಚಿತ್ರದುದ್ದಕ್ಕೂ ನಡೆದರೆ ಕಣ್ಣು ಅದನ್ನು ಬೇಗನೆ ಕಲಿತುಬಿಡುತ್ತದೆ, ಕಲಿತ ಮೇಲೆ ಮುಂದೆ ಸಾಗುತ್ತದೆ. ಕೊರಿಯಾದ ಪಾರ್ಕ್ ಸಿಯೊ-ಬೊ 1967ರಲ್ಲಿ ಆರಂಭಿಸಿದ ಚಿತ್ರಸರಣಿಯನ್ನು ಗಮನಿಸಿ. ಬಿಳಿಯ ತೈಲವರ್ಣ ಇನ್ನೂ ಹಸಿಯಿರುವಾಗಲೇ ಪೆನ್ಸಿಲಿನಿಂದ ಮತ್ತೆ ಮತ್ತೆ ಗೆರೆ ಎಳೆಯುತ್ತಾ ಹೋದರು. ಪೆನ್ಸಿಲು ಬಣ್ಣವನ್ನು ಸೀಳಿ ಬದಿಗೆ ತಳ್ಳುತ್ತದೆ, ತನ್ನ ಬೂದನ್ನೂ ಅಲ್ಲಿ ಬಿಡುತ್ತದೆ. ಅಲ್ಲಿ ಗೆರೆಯೂ ಉಬ್ಬೂ ಬಣ್ಣವೂ ಒಂದೇ ಕೈಚಲನೆಯಿಂದ ಹುಟ್ಟಿದವು. ಅದೇ ದೇಶದ ಹಾ ಚೊಂಗ್-ಹ್ಯೂನ್ 1974ರಿಂದ ಬಣ್ಣವನ್ನು ಗೋಣಿಯಂತಹ ಒರಟು ನಾರುಬಟ್ಟೆಯ ಹಿಂಬದಿಯಿಂದ ಒತ್ತಿ, ನೇಯ್ಗೆಯ ಸಂದುಗಳಿಂದ ಮುಂದಕ್ಕೆ ಉಕ್ಕುವಂತೆ ಮಾಡಿದರು. ಈ ಇಬ್ಬರ ಮೇಲ್ಮೈಯನ್ನು ಬಣ್ಣದಿಂದ ಬೇರ್ಪಡಿಸಿ ಯೋಚಿಸಲೂ ಆಗದು. ನಾನು ಹೇಳುತ್ತಿರುವುದು ಈ ಏಕತೆಯನ್ನು.

ಬೂದುಬಿಳಿ (ಧಾರವಾಡ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಪುಟ್ಟಿಯ ವಿಚಾರವನ್ನು ಕೈಬಿಟ್ಟಿದ್ದೇನೆ. ಇನ್ನು ಬೂದು ಬಣ್ಣದ ಬಗ್ಗೆ ಕೇಳಬೇಕಿದೆ. ಕಪ್ಪಿಗೆ ಬಿಳಿ ಸೇರಿಸಿದರೆ ಬರುವ ಬೂದು ಎಲ್ಲೆಡೆ ಒಂದೇ ಆಗಿ ಕಾಣುವುದಿಲ್ಲವೇ? ಹಾಗೆಯೇ, ಗೋಣಿತಟ್ಟಿನ ಮೇಲೆಯೇ ಚಿತ್ರ ಬರೆದರೆ ಹೇಗೆ?

ಚಾಕುಕುಂಚ (ಮೈಸೂರು)

ಬಹುತೇಕ ಒಂದೇ ವರ್ಣದ ಚಿತ್ರದ ಜೀವಾಳ ಈ ಪ್ರಶ್ನೆಯಲ್ಲಿದೆ. ಇಲ್ಲಿ ತಿಳಿ-ಗಾಢದ ವ್ಯತ್ಯಾಸಕ್ಕಿಂತ ತಂಪು-ಬಿಸುಪಿನ ವ್ಯತ್ಯಾಸ ಹೆಚ್ಚು ಕೆಲಸ ಮಾಡುತ್ತದೆ. ರಷ್ಯಾದಲ್ಲಿ ದುಡಿದ ಚಿತ್ರಕಾರ ಕಜಿಮಿರ್ ಮಾಲೆವಿಚ್ 1918ರಲ್ಲಿ ಬಿಳಿಯ ಮೇಲೆ ಬಿಳಿ ಚೌಕವನ್ನು ಬರೆದಾಗ, ಓರೆಯಾಗಿ ನಿಂತ ಆ ಚೌಕ ಕಾಣುವುದು ಅದರ ಬಿಳಿ ತುಸು ನೀಲಿಯತ್ತ, ಹಿನ್ನೆಲೆಯ ಬಿಳಿ ತುಸು ಬೆಚ್ಚಗಿನ ಛಾಯೆಯತ್ತ ವಾಲಿರುವುದರಿಂದ.

ಐವರಿ ಕಪ್ಪು ಮತ್ತು ಬಿಳಿಯಿಂದ ಬರುವ ಬೂದು ನೀಲಿಯತ್ತ ವಾಲುತ್ತದೆ. ರಾ ಅಂಬರ್ ಮತ್ತು ಬಿಳಿಯಿಂದ ಬರುವುದು ಹಸಿರು ಸೋಂಕಿದ ಬೂದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಸೇರಿಸಿದರೆ, ಪ್ರಮಾಣವನ್ನು ಬದಲಿಸುತ್ತಾ ಹೋದಂತೆ ತಂಪಿನಿಂದ ಬಿಸುಪಿನವರೆಗೆ ಬೇಕಾದ ಬೂದೆಲ್ಲವೂ ಒಂದೇ ಜೋಡಿಯಿಂದ ದೊರೆಯುತ್ತವೆ. ಈ ಮೂರು ಬೂದುಗಳನ್ನು ಒಂದೇ ಗಾಢತೆಗೆ ತಂದು ಪ್ಯಾಲೆಟ್ಟಿನಲ್ಲಿ ಬೇರೆ ಬೇರೆ ಗುಪ್ಪೆಗಳಾಗಿ ಇಡಿ. ಗಾಢತೆ ಒಂದೇ ಆಗಿದೆಯೇ ಎಂಬುದನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ನೋಡಬಹುದು. ಆ ಚಿತ್ರದಲ್ಲಿ ಗುಪ್ಪೆಗಳು ಒಂದರಲ್ಲೊಂದು ಬೆರೆತಂತೆ ಕಂಡರೆ ನೀವು ಗೆದ್ದಿರಿ. ಆಮೇಲೆ ಅವುಗಳನ್ನು ಪೂರ್ತಿ ಕಲಸದೆ ಚಾಕುವಿನ ಮೇಲೆ ಅಕ್ಕಪಕ್ಕದಲ್ಲಿ ತೆಗೆದುಕೊಂಡು ಒಟ್ಟಿಗೆ ಎಳೆಯಿರಿ.

ಇನ್ನೊಂದು ಅಸ್ತ್ರ ಹೊಳಪು. ಅದೇ ಬೂದು ಒಂದೆಡೆ ಮಂಕಾಗಿ, ಇನ್ನೊಂದೆಡೆ ಎಣ್ಣೆಯ ಮಿನುಗಿನಿಂದ ನಿಂತರೆ, ನೋಡುವವರು ಪಕ್ಕಕ್ಕೆ ಹೆಜ್ಜೆಯಿಟ್ಟಂತೆ ಚಿತ್ರ ಬದಲಾಗುತ್ತದೆ. ಫ್ರಾನ್ಸಿನ ಪಿಯೆರ್ ಸೂಲಾಜ್ 1979ರಿಂದ ಮುಂದೆ ಕಪ್ಪೊಂದನ್ನೇ ಹಿಡಿದು ದುಡಿದದ್ದು ಈ ತತ್ತ್ವದ ಮೇಲೆಯೇ: ಕಪ್ಪಿನ ಏಣುಗಳ ಮೇಲೆ ಬಿದ್ದು ಮರಳುವ ಬೆಳಕೇ ಅವರ ಬಣ್ಣ. ಆದ್ದರಿಂದ ಕೆಲಸ ಮಾಡುವಾಗ ಎದುರಿನ ಬೆಳಕನ್ನು ನಂಬಬೇಡಿ. ಒಂದು ಬದಿಯ ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಚಿತ್ರವನ್ನು ನಿಲ್ಲಿಸಿ, ನಡುನಡುವೆ ತಲೆಕೆಳಗು ಮಾಡಿ ನೋಡಿ.

ಚಿತ್ರಸಂರಕ್ಷಕಿ (ಬೆಂಗಳೂರು)

ಗೋಣಿತಟ್ಟು ಆಕರ್ಷಕ, ಆದರೆ ಸೆಣಬಿನ ನಾರು ಬೇಗ ಮುಪ್ಪಾಗಿ ಪುಡಿಪುಡಿಯಾಗುತ್ತದೆ. ಬಳಸಲೇಬೇಕೆಂದರೆ ಹಲಗೆಗೆ ಅಂಟಿಸಿ, ಎರಡೂ ಬದಿಗೆ ಅಕ್ರಿಲಿಕ್ ಲೇಪ ಕೊಟ್ಟು ಬಳಸಿ. ನಿಮ್ಮ ಅಳತೆಗೆ ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡಿನ ಮೇಲೆ ಹತ್ತಿಯ ಕ್ಯಾನ್ವಾಸನ್ನು ಅಂಟಿಸುವುದು ನನ್ನ ಸಲಹೆ. ಹಿಂಬದಿಗೆ ಮರದ ಚೌಕಟ್ಟು ಕೊಡದಿದ್ದರೆ ಹಲಗೆ ಬಾಗುತ್ತದೆ.

ಮಂಕುತನದ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಚಿತ್ರಕಾರ ಆಡ್ ರೈನ್‌ಹಾರ್ಟ್ 1960ರ ದಶಕದ ತಮ್ಮ ಐದಡಿ ಚೌಕದ ಕಪ್ಪು ಚಿತ್ರಗಳಿಗಾಗಿ ಬಣ್ಣದಿಂದ ಎಣ್ಣೆಯನ್ನು ಟರ್ಪೆಂಟೈನಿನಿಂದ ಬಸಿದು ತೆಗೆದರು. ಮಖಮಲಿನಂತಹ ಆ ಮೇಲ್ಮೈ ಬೆರಳು ತಾಗಿದರೂ ಕಲೆಯಾಗುವಷ್ಟು ದುರ್ಬಲ. ಮಂಕುತನ ಬೇಕಾದವರು ಜೇನುಮೇಣದ ಕೋಲ್ಡ್ ವ್ಯಾಕ್ಸ್ ಮಾಧ್ಯಮವನ್ನು ಮಿತವಾಗಿ ಬಳಸಬಹುದು. ಅದು ಬಣ್ಣಕ್ಕೆ ದಪ್ಪವನ್ನೂ ಕೊಡುತ್ತದೆ. ಮೇಣ ಹೆಚ್ಚಿದ ಚಿತ್ರಕ್ಕೆ ಗಟ್ಟಿ ಹಲಗೆ ಅನಿವಾರ್ಯ. ಮನೆಯಲ್ಲಿಯೇ ಮೇಣ ಕರಗಿಸುವವರು ಟರ್ಪೆಂಟೈನನ್ನು ಒಲೆಯ ಹತ್ತಿರ ತರಲೇಬಾರದು.

ಕಡಲತಡಿ (ಉಡುಪಿ)

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೈಲಚಿತ್ರದ ಕೆಲಸವೇ ಸಾಗುವುದಿಲ್ಲ. ಬಣ್ಣ ಒಣಗುವುದಿಲ್ಲ, ಕ್ಯಾನ್ವಾಸಿನ ಹಿಂದೆ ಬೂಷ್ಟು ಬರುತ್ತದೆ. ಒಣಗಿಸಲೆಂದು ಕತ್ತಲ ಕೋಣೆಯಲ್ಲಿ ಮುಚ್ಚಿಟ್ಟ ಬಿಳಿ ಚಿತ್ರವೊಂದು ಹಳದಿಯಾದದ್ದನ್ನೂ ಕಂಡಿದ್ದೇನೆ. ನಮ್ಮ ಜಿಲ್ಲೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಮುಂಬಯಿಯ ಕಡಲ ಗಾಳಿಯಲ್ಲಿಯೇ ದಶಕಗಳ ಕಾಲ ತೈಲದಲ್ಲಿ ದುಡಿದವರು ಎಂಬುದನ್ನು ನೆನೆದಾಗ, ಉಪಾಯ ಇರಲೇಬೇಕು ಎನಿಸುತ್ತದೆ. ತಿಳಿದವರು ಹೇಳಬೇಕು.

ಚಿತ್ರಸಂರಕ್ಷಕಿ (ಬೆಂಗಳೂರು)

ಅಗಸೆ ಎಣ್ಣೆ ಕತ್ತಲೆಯಲ್ಲಿ ಹೆಚ್ಚು ಹಳದಿಯಾಗುತ್ತದೆ. ಆ ಚಿತ್ರವನ್ನು ನೇರ ಬಿಸಿಲು ತಾಗದ ಬೆಳಕಿನಲ್ಲಿ ಕೆಲವು ವಾರ ಇರಿಸಿದರೆ ಹಳದಿಯ ಬಹುಪಾಲು ಇಳಿಯಬಹುದು. ಮಳೆಗಾಲದಲ್ಲಿ ಬಣ್ಣವನ್ನು ಬೇಗ ಒಣಗಿಸುವ ಆಲ್ಕಿಡ್ ಮಾಧ್ಯಮ ಸೇರಿಸಿದ ತೆಳು ಪದರಗಳಲ್ಲಿ ಕೆಲಸ ಮಾಡಿ, ದಪ್ಪ ಪದರವನ್ನು ಬೇಸಿಗೆಗೆ ಉಳಿಸಿಕೊಳ್ಳಿ. ಚಿತ್ರವನ್ನು ಗೋಡೆಗೆ ಅಂಟಿಸಿದಂತೆ ತೂಗಬೇಡಿ. ನಾಲ್ಕು ಮೂಲೆಗೂ ಬಿರಡೆಯ ತುಂಡು ಕೊಟ್ಟರೆ ಹಿಂದೆ ಗಾಳಿಯಾಡುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ.

ಬೂದುಬಿಳಿ (ಧಾರವಾಡ)

ಹಲಗೆ, ಕ್ಯಾನ್ವಾಸು, ಪಿ.ಡಬ್ಲ್ಯು. 6 ಬಿಳಿ, ಅಲ್ಟ್ರಾಮರೀನ್, ಎರಡು ಅಂಬರ್, ಅಮೃತಶಿಲೆಯ ಪುಡಿ, ಇಷ್ಟನ್ನು ತರಿಸಿಕೊಳ್ಳುತ್ತಿದ್ದೇನೆ. ತಳಪದರ ಅವರ ಕ್ರಮವನ್ನು ಒಂದು ಸಣ್ಣ ಹಲಗೆಯ ಮೇಲೆ, ಚಾಕುಕುಂಚ ಸರ್ ಅವರ ಕ್ರಮವನ್ನು ಇನ್ನೊಂದರ ಮೇಲೆ ಮಾಡಿ, ಓರೆ ಬೆಳಕಿನಲ್ಲಿ ಎರಡನ್ನೂ ಜೊತೆಗಿಟ್ಟು ನೋಡಿದ ಬಳಿಕವೇ ದೊಡ್ಡದಕ್ಕೆ ಕೈ ಹಾಕುತ್ತೇನೆ. ಕೊನೆಯದಾಗಿ, ವಾರ್ನಿಷ್ ಬೇಕೇ?

ಚಿತ್ರಸಂರಕ್ಷಕಿ (ಬೆಂಗಳೂರು)

ಅವಸರ ಬೇಡ. ತೆಳು ಚಿತ್ರಕ್ಕೆ ಆರು ತಿಂಗಳಾದರೂ ಬೇಕು, ದಪ್ಪ ಭಾಗಗಳಿರುವುದಕ್ಕೆ ವರ್ಷ ಕಾಯುವುದು ಒಳ್ಳೆಯದು. ಒರಟು ಮೇಲ್ಮೈಯ ಮೇಲೆ ಕುಂಚದಿಂದ ವಾರ್ನಿಷ್ ಹಚ್ಚಿದರೆ ಅದು ತಗ್ಗುಗಳಲ್ಲಿ ನಿಂತು, ನೀವು ಶ್ರಮಪಟ್ಟು ತಂದ ಮಂಕು-ಹೊಳಪಿನ ಭೇದವನ್ನೆಲ್ಲ ಅಳಿಸಿಬಿಡುತ್ತದೆ. ಮೇಣ ಬಳಸಿದ್ದರೆ ವಾರ್ನಿಷ್ ಹಚ್ಚಲೇಬೇಡಿ. ಆ ಭೇದವೇ ನಿಮ್ಮ ಚಿತ್ರದ ವಿಷಯವಾದುದರಿಂದ, ವಾರ್ನಿಷ್ ಇಲ್ಲದೆ ಆಳವಾದ ಚೌಕಟ್ಟಿನಲ್ಲಿ ಗಾಜಿನ ಹಿಂದೆ ಇಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಗಾಜು ಬಣ್ಣದ ಉಬ್ಬಿಗೆ ತಾಗದಷ್ಟು ಅಂತರವಿರಲಿ. ಗಾಜು ಬೇಡವೆಂದರೆ ಧೂಳನ್ನು ಬಟ್ಟೆಯಿಂದ ಒರೆಸದೆ, ಮೆತ್ತನೆಯ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಝಾಡಿಸಿ. ಬಳಸಿದ ಬಣ್ಣಗಳ ಸಂಕೇತ, ಎಣ್ಣೆ, ಪುಡಿ, ಪ್ರತಿ ಪದರ ಹಚ್ಚಿದ ತಿಂಗಳು, ಇವನ್ನು ಹಲಗೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೊಮ್ಮೆ ದುರಸ್ತಿಗೆ ಬಂದಾಗ ನನ್ನಂಥವರು ಮೊದಲು ಹುಡುಕುವುದು ಅದನ್ನೇ.